ಎಪ್ಪತ್ತೊಂಬತ್ತು ಅಂದವಳು ನಾನು

ಮಾರ್ಚ್ 14, 2023. ಮಂಗಳವಾರ

ಮೂರು ಕೇಸು. ಕಾಲು ಊದಿಕೊಂಡಿದೆ. ಆದರೂ ಬರೆದೇ ಮಲಗುವುದು.

ಮೊದಲಿನ ಎರಡು ಡಾಕ್ಟರ್ ನಿಕೆನ್ ಮಾಡಿದರು. ಪೇಸ್‌ಮೇಕರ್ ತಂತಿ ಒಬ್ಬರಿಗೆ ಹಳೇ ಜಾಗಕ್ಕೆ, ಒಬ್ಬರಿಗೆ ಹೊಸ ಜಾಗಕ್ಕೆ. ಲಕೋಟೆ ಒಡೆದವಳು ನಾನು. ಒಳಗಿನ ಚೀಟಿಯಲ್ಲಿ ಏನು ಬರುತ್ತದೋ ಅದೇ — ರೋಗಿಯೂ ಆರಿಸುವ ಹಾಗಿಲ್ಲ, ಡಾಕ್ಟರೂ ಆರಿಸುವ ಹಾಗಿಲ್ಲ. ಮೂವತ್ತು ಜನ ಆ ಕಡೆ, ಮೂವತ್ತು ಜನ ಈ ಕಡೆ. ಇವತ್ತಿಗೆ ನಲವತ್ತೊಂದು ಮುಗಿಯಿತು.

ಮೂರನೆಯದು ಪ್ರೊಫ್ ಹಾರ್ದೊಯೊ ತಾವೇ ಮಾಡಿದರು. ನಮ್ಮ ವಿಭಾಗದ ಮುಖ್ಯಸ್ಥರು. ಹೊಸ ಜಾಗಕ್ಕೆ ಅವರು ಕೈ ಹಾಕಿದ್ದು ಇದೇ ಮೊದಲು. ಜಕಾರ್ತಾದಿಂದ ಆರು ಜನ ನೋಡಲು ಬಂದು ಗಾಜಿನ ಕೋಣೆಯಲ್ಲಿ ನನ್ನ ಕುರ್ಚಿಯ ಬೆನ್ನಿಗೇ ನಿಂತಿದ್ದರು. ಒಬ್ಬೊಬ್ಬರದು ಒಂದೊಂದು ಸೆಂಟು. ರೋಗಿ ಪೊನಿರಿನ್ ಅಂತ, ಅರವತ್ತೇಳರ ಅಜ್ಜ, ಮಸಾರಾನ್ ಕಡೆಯವರು. ಬಾತಿಕ್ ಬಟ್ಟೆಗೆ ಒತ್ತುವ ತಾಮ್ರದ ಅಚ್ಚು ಮಾಡುತ್ತಾರೆ. ಹೃದಯ ನಿಮಿಷಕ್ಕೆ ಮೂವತ್ತನಾಲ್ಕೇ ಬಡಿತ. ಅಷ್ಟರಲ್ಲೂ ನನ್ನ ತಲೆವಸ್ತ್ರದ ಅಂಚಿನ ಹೂವು ವಕ್ರವಾಗಿದೆ, ಯಾರೋ ಕಳಪೆ ಅಚ್ಚು ಒತ್ತಿದ್ದಾರೆ ಅಂತ ತಪ್ಪು ಹುಡುಕಿದರು.

ಅತಿಥಿಗಳಲ್ಲಿ ಒಬ್ಬಳು ಎಳೆಯ ಡಾಕ್ಟರು. ಎರಡು ಜಾಗಕ್ಕೂ ವ್ಯತ್ಯಾಸ ಏನು ಅಂತ ನನ್ನನ್ನೇ ಕೇಳಿದಳು. ಹೇಳಿದೆ. ಹಳೇ ಪದ್ಧತಿಯಲ್ಲಿ ಪೇಸ್‌ಮೇಕರ್ ತಂತಿಯ ತುದಿಯನ್ನು ಹೃದಯದ ಬಲಕೋಣೆಯ ತಳಕ್ಕೆ ಸಿಕ್ಕಿಸುತ್ತೇವೆ. ಸುಲಭ, ಅರ್ಧ ಗಂಟೆ. ಆದರೆ ಬಲಗಡೆ ಮೊದಲು ಹಿಂಡುತ್ತದೆ, ಎಡಗಡೆ ತಡವಾಗಿ. ಕೆಲವರ ಹೃದಯ ಹೀಗೆ ಕುಂಟುತ್ತಲೇ ಸೋತುಹೋಗುತ್ತದೆ. ಎರಡೂ ಕಡೆ ತಂತಿ ಹಾಕುವ ದೊಡ್ಡ ಯಂತ್ರ ಇದೆ. ನಮ್ಮ ಬಡವರ ವಿಮೆಗೆ ಅದು ಅಷ್ಟು ಸುಲಭಕ್ಕೆ ನಿಲುಕುವುದಿಲ್ಲ. ಹೊಸ ಪದ್ಧತಿಯಲ್ಲಿ ಸಾದಾ ತಂತಿಯನ್ನೇ ನಡುಗೋಡೆಯೊಳಗೆ ತಿರುಪಿನ ಹಾಗೆ ತಿರುಗಿಸುತ್ತಾ, ಎಡಗಡೆ ಹುಟ್ಟಿನಿಂದಲೇ ಇರುವ ಮಿಂಚಿನ ದಾರಿಯ ತನಕ ಕೊಂಡೊಯ್ಯುತ್ತೇವೆ. ಆ ದಾರಿ ಸಿಕ್ಕರೆ ಹೃದಯ ತನ್ನ ಮಾಮೂಲಿನಂತೆ ಬಡಿಯುತ್ತದೆ. ಸಿಕ್ಕಿತೋ ಇಲ್ಲವೋ ಡಾಕ್ಟರ ಕೈಗೆ ತಿಳಿಯುವುದಿಲ್ಲ, ನನ್ನ ಪರದೆಗೆ ತಿಳಿಯುತ್ತದೆ. ಯಂತ್ರ ಹೊಡೆದ ಗೀಟಿನಿಂದ ಅಲೆಯ ತುದಿಗೆ ಎಂಬತ್ತು ಮಿಲಿಸೆಕೆಂಡಿನ ಒಳಗಿದ್ದರೆ ಸಿಕ್ಕಿತು. ತೊಂಬತ್ತು ದಾಟಿದರೆ ಇಲ್ಲ, ಇನ್ನೂ ತಿರುಗಿಸಬೇಕು. ಆ ಹುಡುಗಿ ಬರೆದುಕೊಂಡಳು. ನರ್ಸಿಂಗ್ ಓದಿ ಟೆಕ್ನಿಷಿಯನ್ ಆದವಳ ಮಾತನ್ನು ಡಾಕ್ಟರೊಬ್ಬಳು ಬರೆದುಕೊಂಡಳು.

ಪ್ರೊಫ್ ತಿರುಗಿಸಿದರು. ನಲವತ್ತು ನಿಮಿಷ. ಮೈಕಿನಲ್ಲಿ ಕೇಳಿದರು, "ಆಯ್ತಲ್ಲ, ಬು ವುರ್?"

"ಆಯ್ತು ಪ್ರೊಫ್. ಎಪ್ಪತ್ತೊಂಬತ್ತು."

ಹಿಂದಿನಿಂದ ಚಪ್ಪಾಳೆ. ಪ್ರೊಫ್ ಹೊರಗೆ ಬಂದು ಅತಿಥಿಗಳಿಗೆ ನನ್ನನ್ನು ತೋರಿಸಿ, ಇವರು ನಮ್ಮ ವುರ್ಯಾನಿ ಅಮ್ಮ, ನಮ್ಮೆಲ್ಲರ ಬು ವುರ್, ಇಪ್ಪತ್ತೆರಡು ವರ್ಷದಿಂದ ಈ ಕೋಣೆಯ ಕಣ್ಣು ಅಂದರು. ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ.

ಅಲೆ ಏರುವಾಗ ತುದಿಗಿಂತ ಮೊದಲು ಹೆಗಲಿನಂಥ ಒಂದು ಉಬ್ಬಿತ್ತು. ಅಳತೆಯ ಗುರುತನ್ನು ಸ್ವಲ್ಪ… ಇರಲಿ. ಊಟದ ಹೊತ್ತು ಮೀರಿತ್ತು.

ಮಾರ್ಚ್ 15

ಪ್ರೊಫ್ ಕೇಸಿನ ಫೋಟೋ ನೋಟಿಸ್ ಬೋರ್ಡಿನಲ್ಲಿ. ಮೂಲೆಯಲ್ಲಿ ನನ್ನ ಅರ್ಧ ಮುಖ. ನಮ್ಮವರಿಗೆ ತೋರಿಸಿದೆ. ಹಕ್ಕಿ ಪಂಜರ ತೊಳೆಯುತ್ತಲೇ ನೋಡಿ, ಇನ್ನರ್ಧ ಮುಖಕ್ಕೆ ಸಂಬಳ ಯಾರು ಕೊಡ್ತಾರೆ ಅಂದರು. ರೈಲ್ವೆಯಿಂದ ನಿವೃತ್ತರಾದ ಮೇಲೆ ಈ ಮನುಷ್ಯನಿಗೆ ಪಾರಿವಾಳ, ನಾನು — ಎರಡೇ ಕೆಲಸ.

ಜೂನ್ 2. ಶುಕ್ರವಾರ

ಅರವತ್ತು! ಕೊನೆಯ ಲಕೋಟೆ ಒಡೆದಾಯಿತು. ಡಾಕ್ಟರ್ ನಿಕೆನ್ ಎಲ್ಲರಿಗೂ ಬಿಸಿ ಬಿಸಿ ಸೊತೊ ಸಾರು ಕೊಡಿಸಿದರು. ಈ ಹೋಲಿಕೆ ಶುರು ಮಾಡಿದ್ದೇ ಅವರು. ಮೂವತ್ತಾರು ವಯಸ್ಸು, ಹಟ ಮಾತ್ರ ಎಪ್ಪತ್ತರದು.

ಇನ್ನು ಪ್ರತಿಯೊಬ್ಬರನ್ನೂ ಆರು ತಿಂಗಳಿಗೆ ಕರೆಸಬೇಕು. ಎಕೋ, ಇಸಿಜಿ, ಕಾರಿಡಾರಿನಲ್ಲಿ ಆರು ನಿಮಿಷ ನಡಿಗೆ. ಜನವರಿಯಲ್ಲಿ ಲೆಕ್ಕ ನೋಡಿ ಪ್ರೊಫ್ ತೀರ್ಮಾನ ಮಾಡುತ್ತಾರೆ: ಹೊಸ ಜಾಗವೇ ಮೇಲು ಅಂತಾದರೆ ನಮ್ಮ ಆಸ್ಪತ್ರೆಗೆ ಬರುವ ಪ್ರತಿ ಬಡವನಿಗೂ ಅದೇ. ಇಲ್ಲದಿದ್ದರೆ ಹಳೆಯದಕ್ಕೇ ವಾಪಸ್ಸು.

ಊಟದ ನಡುವೆ ಪ್ರೊಫ್ ಕೆಣಕಿದರು. ಅವರ ಹಿಂದಿನ ಅಧ್ಯಯನದಲ್ಲಿ ನಲವತ್ತರಲ್ಲಿ ಐದು ಜನ ತಪ್ಪಿಸಿಕೊಂಡಿದ್ದರಂತೆ. ನಮ್ಮ ಜನ ಹುಷಾರಾದರೂ ಬರುವುದಿಲ್ಲ, ಹುಷಾರಿಲ್ಲದಿದ್ದರೂ ಬರುವುದಿಲ್ಲ ಅಂದರು. ನಾನು ಒಬ್ಬರನ್ನೂ ಬಿಡುವುದಿಲ್ಲ ಅಂದೆ. ನನ್ನ ಪುಸ್ತಕದಲ್ಲಿ ರೋಗಿಯ ನಂಬರ್ ಒಂದೇ ಅಲ್ಲ — ಪಕ್ಕದ ಮನೆ, ಓಣಿಯ ಅಂಗಡಿ, ಮಸೀದಿ ಗುಡಿಸುವವನು, ಎಲ್ಲರದೂ ಇದೆ. ಸತ್ತವರನ್ನೂ ಕರೆಸ್ತೀರಿ ನೀವು ಅಂತ ಪ್ರೊಫ್ ನಕ್ಕರು.

ಸೆಪ್ಟೆಂಬರ್ 18. ಸೋಮವಾರ

ಇವತ್ತಿನ ಪಟ್ಟಿಯಲ್ಲಿ ಮೂವರು. ಇಬ್ಬರು ಬಂದರು. ಸುರಾತ್ಮಿ ಅನ್ನುವ ಅಜ್ಜಿ ಆರು ನಿಮಿಷದಲ್ಲಿ ಮುನ್ನೂರ ಎಪ್ಪತ್ತು ಮೀಟರ್ ನಡೆದು, ಸಾಕಾ ಇನ್ನೂ ಬೇಕಾ ಅಂತ ಸವಾಲು ಹಾಕಿದಳು.

ಪೊನಿರಿನ್ ಅಜ್ಜ ಬರಲಿಲ್ಲ. ಫೋನೂ ಬರಲಿಲ್ಲ. ನಾಳೆ ನೋಡೋಣ.

ಸೆಪ್ಟೆಂಬರ್ 26

ಪೊನಿರಿನ್ ಅಜ್ಜನ ನಂಬರ್ ಬಂದ್. ಓಣಿಯ ಅಂಗಡಿಯವನು ಅಂಗಡಿಯನ್ನೇ ಮಾರಿ ಹೋಗಿದ್ದಾನೆ. ಮಸೀದಿಯವನು ಬಹಳ ದಿನದಿಂದ ಕಂಡಿಲ್ಲ ಅಂದ. ಪ್ರೊಫ್ ಕಾರಿಡಾರಿನಲ್ಲಿ ಎದುರಾಗಿ, ನನ್ನ ಕೇಸೇ ಕಳೆದುಹೋಯ್ತಂತೆ ಹೌದಾ ಅಂದರು. ಜೋರು ಮಾಡುವವರಲ್ಲ. ನಗುತ್ತಾ ಕೇಳಿದರೆ ಇನ್ನೂ ಉರಿಯುತ್ತದೆ.

ಅಕ್ಟೋಬರ್ 1. ಭಾನುವಾರ

ನಮ್ಮವರ ಬೈಕಿನಲ್ಲಿ ಮಸಾರಾನ್‌ಗೆ ಹೋಗಿಬಂದೆ. ಮನೆಗೆ ಬೀಗ. ಅಚ್ಚಿನ ಶೆಡ್ಡಿನಲ್ಲಿ ಒಲೆಯ ಬೂದಿ ಮೇಲೆ ಕೋಳಿ ಕೂತಿತ್ತು. ಪಕ್ಕದ ಮನೆಯ ಹೆಂಗಸು ಹೇಳಿದ್ದು: ಜುಲೈನಲ್ಲೇ ಹೆಂಡತಿ ಅವರನ್ನು ತನ್ನ ತವರಿಗೆ, ವೊನೊಗಿರಿ ಕಡೆಯ ಯಾವುದೋ ಹಳ್ಳಿಗೆ, ಕರೆದುಕೊಂಡು ಹೋದಳು. ಎರಡು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು. ಹಳ್ಳಿಯ ಹೆಸರು ಗೊತ್ತಿಲ್ಲ.

ಬೈಕಿನ ಹಿಂದೆ ಕೂತು ಅದೇ ಯೋಚನೆ. ಉಸಿರು ಯಾಕೆ ಕಟ್ಟಬೇಕು? ಹೊಸ ಜಾಗದವರಿಗೆ ಹಾಗಾಗಬಾರದು.

ಅಕ್ಟೋಬರ್ 11. ಬುಧವಾರ

ಸಿಕ್ಕರು. ಹೇಗೆ ಸಿಕ್ಕರು ಅಂತ ಬರೆಯಲೇಬೇಕು, ಯಾಕೆಂದರೆ ಇದು ನನ್ನ ಹೊರತು ಇನ್ನೊಬ್ಬರ ಕೈಲಿ ಆಗುವ ಕೆಲಸವಲ್ಲ.

ಹೊರರೋಗಿ ವಿಭಾಗದ ಇಸಿಜಿಗಳು ಬೆಳಿಗ್ಗೆ ಹತ್ತಕ್ಕೆ ನನ್ನ ಮೇಜಿಗೆ ಬರುತ್ತವೆ. ಹನ್ನೊಂದನೆಯ ಹಾಳೆ. ಹೆಸರು ಸುಗೆಂಗ್ ರಹಾರ್ಜೊ, ಅರವತ್ತೇಳು, ಹೊಸ ರೋಗಿ, ಹೊಸ ಫೈಲು. ಪೇಸ್‌ಮೇಕರ್ ಗೀಟು ಇದೆ. ಎದೆಯ ಆರನೇ ಲೀಡಿನ ಗೆರೆಯಲ್ಲಿ ಅಲೆ ಏರುವಾಗ ಒಂದು ಹೆಗಲು, ಆಮೇಲೆ ತುದಿ. ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಇದು ಪೊನಿರಿನ್ ಅಜ್ಜ. ಮುಖ ಮರೆತೇನು, ಅಲೆ ಮರೆಯುವವಳಲ್ಲ.

ಕೌಂಟರಿಗೆ ಓಡಿದೆ. ಈ ವಯಸ್ಸಿನಲ್ಲಿ ಮೆಟ್ಟಿಲು ಎರಡೆರಡು ಹಾರಿದೆ. ಸುಗೆಂಗ್ ರಹಾರ್ಜೊ ಕ್ಯಾಂಟೀನಿನಲ್ಲಿ ಕೂತಿದ್ದರು, ಎದುರಿಗೆ ಮುಟ್ಟದ ಸೊತೊ. ಕಾಲು ಬಾತಿದೆ. ಮಾತು ತುಂಡು ತುಂಡು. ನನ್ನನ್ನು ನೋಡಿದ್ದೇ, ಅಂಚಿನ ಹೂವು ಈ ಸಲ ಪರವಾಗಿಲ್ಲ ಅಂದರು. ಹೌದು, ಅವರೇ.

ಹೆಂಡತಿ ಲಗಿನೆಮ್ ಎಲ್ಲ ಹೇಳಿದಳು. ಪೇಸ್‌ಮೇಕರ್ ಹಾಕಿದ ಮೇಲೆ ಎರಡು ತಿಂಗಳು ಚೆನ್ನಾಗಿದ್ದರು. ಆಮೇಲೆ ದಿನದಿನಕ್ಕೆ ಇಳಿದರು. ತವರಿನಲ್ಲಿ ಅವಳ ಅಣ್ಣ, ಹೆಸರು ಮೈಗೆ ಭಾರವಾಗಿದೆ ಅಂದನಂತೆ. ನಮ್ಮ ಕಡೆ ಮಗುವಿಗೆ ಪದೇ ಪದೇ ಜ್ವರ ಬಂದರೆ ಹೆಸರು ಬದಲಾಯಿಸುತ್ತಾರೆ. ಇವರಿಗೆ ಅರವತ್ತೇಳರಲ್ಲಿ ಬದಲಾಯಿಸಿದ್ದಾರೆ. ಕೆಂಪು ಗಂಜಿ, ಬಿಳಿ ಗಂಜಿ ಮಾಡಿ, ಎರಡು ಕೋಳಿ ಕೊಯ್ದು, ಏಳು ಮನೆಯವರನ್ನು ಕರೆದು, ಇಂದಿನಿಂದ ಸುಗೆಂಗ್ ಅಂತ. ಅಂದರೆ ಕ್ಷೇಮವಾಗಿರುವವನು. ಹಳ್ಳಿಯ ಆರೋಗ್ಯ ಕೇಂದ್ರದವರು ಆ ಹೆಸರಿನಲ್ಲೇ ಚೀಟಿ ಬರೆದರು, ನಮ್ಮ ಕೌಂಟರಿನವನು ಹೊಸ ಫೈಲು ತೆರೆದ. ಪೊನಿರಿನ್ ಮಾಯ.

ನಮಗೆ ಮೊದಲೇ ಬಂದು ಹೇಳಬಾರದಿತ್ತಾ ಅಂತ ಕೇಳಿದೆ. ಬೇಸರದಲ್ಲಿ ಕೇಳಿದೆ. ಲಗಿನೆಮ್ ನನ್ನ ಕೈ ಹಿಡಿದುಕೊಂಡು ಹೇಳಿದ್ದು —

"ಯಂತ್ರ ಸರಿಯಾಗಿ ಕೂತಿದೆ ಅಂತ ನೀವೇ ಹೇಳಿದ್ರಿ ಬು. ದೊಡ್ಡ ಡಾಕ್ಟ್ರು ಹಾಕಿದ್ದು. ಅದು ಸರಿ ಇದ್ಮೇಲೆ, ತಪ್ಪು ಹೆಸರಲ್ಲೇ ಇರ್ಬೇಕಲ್ವಾ?"

ವಾರ್ಡಿಗೆ ಸೇರಿಸಿದೆ. ಎಕೋ ಮಾಡಿಸಿದೆ. ಮಾರ್ಚ್‌ನಲ್ಲಿ ಹೃದಯದ ಒತ್ತುಬಲ ನೂರಕ್ಕೆ ಐವತ್ತೈದು ಇತ್ತು. ಈಗ ಮೂವತ್ತಾರು.

ಇವತ್ತಿನ ತನಕ ಬರಬೇಕಾದವರಲ್ಲಿ ಒಬ್ಬರೂ ತಪ್ಪಲಿಲ್ಲ. ಕುಣಿಯಬೇಕಿತ್ತು.

ಅಕ್ಟೋಬರ್ 12. ಬೆಳಿಗ್ಗೆ 6:40

ಯಾರೂ ಬರುವ ಮೊದಲೇ ಬಂದು ಮಾರ್ಚ್ 14ರ ರೆಕಾರ್ಡಿಂಗ್ ತೆರೆದೆ.

ಗುರುತು ಹೆಗಲಿನ ಮೇಲಿದೆ. ತುದಿಯ ಮೇಲಲ್ಲ.

ತುದಿಗೆ ಎಳೆದೆ. ತೊಂಬತ್ತೆಂಟು. ಮತ್ತೆ ಎಳೆದೆ. ತೊಂಬತ್ತೆಂಟು. ತಂತಿ ಗೋಡೆಯ ನಡುವಿನಲ್ಲೇ ನಿಂತುಬಿಟ್ಟಿದೆ. ಎಡಗಡೆಯ ದಾರಿ ಸಿಕ್ಕೇ ಇಲ್ಲ. ಏಳು ತಿಂಗಳಿಂದ ಆ ಹೃದಯ ಕುಂಟುತ್ತಿದೆ.

ಕಣ್ಣು ತಪ್ಪಿತು ಅಂತ ಬರೆದುಬಿಡಬಹುದು. ಇದು ನನ್ನದೇ ಪುಸ್ತಕ, ಇಲ್ಲೂ ಸುಳ್ಳು ಬರೆದರೆ ಇನ್ನೆಲ್ಲಿ ನಿಜ ಬರೆಯುವುದು. ಕಣ್ಣು ತಪ್ಪಲಿಲ್ಲ. ಅವತ್ತೇ ಕಂಡಿತ್ತು. ಪ್ರೊಫ್ ಕೇಳಿದರು, ಆರು ಜನ ಹಿಂದೆ ನಿಂತಿದ್ದರು, ದೊಡ್ಡವರು 'ಆಯ್ತಲ್ಲ' ಅಂದರೆ 'ಆಯ್ತು' ಅನ್ನುವುದು ನನಗೆ ಅಮ್ಮನ ಹಾಲಿನ ಜೊತೆ ಬಂದದ್ದು. ಬೆರಳು ತಾನಾಗಿ ಗುರುತನ್ನು ಹೆಗಲಿಗೆ ತಂದು ನಿಲ್ಲಿಸಿತು. ಎಪ್ಪತ್ತೊಂಬತ್ತು ಚೆನ್ನಾಗಿ ಕೇಳಿಸಿತು. ಎಲ್ಲರಿಗೂ ಸಂತೋಷವಾಯಿತು.

ಹೊಸ ಜಾಗದ ಮಿಕ್ಕ ಇಪ್ಪತ್ತೊಂಬತ್ತನ್ನೂ ಇವತ್ತೇ ಮತ್ತೆ ಅಳೆಯಬೇಕು.

ಅದೇ ದಿನ, ಸಂಜೆ

ಇಪ್ಪತ್ತೊಂಬತ್ತೂ ಸರಿಯಾಗಿವೆ. ಒಂದೂ ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಆಚೀಚೆ ಇಲ್ಲ. ನನ್ನ ಕಣ್ಣು ನನ್ನ ಕಣ್ಣೇ. ಹಾಳಾದದ್ದು ಬಾಯಿ.

ಅಕ್ಟೋಬರ್ 13. ಶುಕ್ರವಾರ

ಡಾಕ್ಟರ್ ನಿಕೆನ್‌ಗೆ ತೋರಿಸಿದೆ. ಬಾಗಿಲು ಹಾಕಿಕೊಂಡು ಬಂದು ಕೂತರು. ತಾವೇ ಗುರುತು ಎಳೆದು ನೋಡಿದರು. ಮತ್ತೆ ತೆರೆದು ತಂತಿಯನ್ನು ಸರಿ ಜಾಗಕ್ಕೆ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ ಅಂದರು. ಆದರೆ ಪ್ರೊಫ್ ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಈ ಕೇಸನ್ನು ಹೋದಲ್ಲೆಲ್ಲ ಹೇಳಿಕೊಂಡಿದ್ದಾರೆ. ಡಾಕ್ಟರ್ ನಿಕೆನ್‌ರ ಕಾಯಂ ಹುದ್ದೆಯ ಕಾಗದ ಪ್ರೊಫ್ ಮೇಜಿನ ಮೇಲೇ ಸಹಿಗೆ ಕಾದಿದೆ.

"ತಂತಿ ಜಾರಿತು ಅಂತ ಬರೆಯೋಣ, ಬು. ಜಾರೋದುಂಟಲ್ಲ. ನಾನೇ ಸರಿ ಮಾಡ್ತೀನಿ. ಯಾರ ಮುಖವೂ ಕೆಡಲ್ಲ, ಅಜ್ಜನೂ ಹುಷಾರಾಗ್ತಾರೆ."

ಕೆಟ್ಟ ಹೆಣ್ಣುಮಗಳಲ್ಲ. ಹೇಳಿದ್ದರಲ್ಲಿ ಯಾರಿಗೂ ನಷ್ಟವೂ ಕಾಣಲಿಲ್ಲ.

ಆಯ್ತು ಡಾಕ್ಟ್ರೇ ಅಂದೆ. ಮತ್ತೆ ಅದೇ ಆಯ್ತು. ಫಾರಂ ತುಂಬಿದೆ: ಕಾರಣ — ತಂತಿ ಜಾರಿದೆ.

ಅಕ್ಟೋಬರ್ 16. ಸೋಮವಾರ

ಎರಡು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಇವತ್ತು ಡಾಕ್ಟರ್ ನಿಕೆನ್ ವಾರ್ಡಿನಲ್ಲಿ ಗಂಡ ಹೆಂಡತಿಗೆ ಹೇಳಿದರು: ಒಳಗಿನ ತಂತಿ ಸ್ವಲ್ಪ ಜಾರಿದೆ, ಮತ್ತೊಮ್ಮೆ ಹಾಕುತ್ತೇವೆ. ನಾನು ಪಕ್ಕದಲ್ಲಿ ನಿಂತಿದ್ದೆ. ಲಗಿನೆಮ್ ಗಂಡನ ಕಡೆ ತಿರುಗಿದಳು. ಎಡಗೈ ಎತ್ತಬೇಡ, ಸುತ್ತಿಗೆ ಹಿಡೀಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ, ನಿನ್ನಿಂದ ನಮ್ಮಣ್ಣ ಊರವರಿಗೆಲ್ಲ ಊಟ ಹಾಕಿದ, ಅಂತ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅಜ್ಜ ಬಲಗೈಯಿಂದ, ಯಂತ್ರ ಕೂತಿದ್ದ ಎಡ ಹೆಗಲು ಮುಟ್ಟಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು.

"ಒಂದ್ಸಲ ಎತ್ತಿದ್ದೆ, ಬು. ಮೇ ತಿಂಗಳಲ್ಲಿ. ಒಂದು ಅಚ್ಚು ಅರ್ಧಕ್ಕೆ ನಿಂತಿತ್ತು. ನಿಮ್ಮ ಇಷ್ಟು ಒಳ್ಳೆ ಕೆಲಸ ನಾನು ಹಾಳು ಮಾಡಿಬಿಟ್ಟೆ. ಕ್ಷಮಿಸಿ."

ಕೈ ಮುಗಿದರು. ನನಗೆ.

ಹೊರಗೆ ಬಂದು ಔಷಧಿ ಕಪಾಟಿನ ಹಿಂದೆ ನಿಂತು ಅತ್ತೆ. ಜಾರಿತು ಅಂದರೆ ಯಾರಿಗೂ ನಷ್ಟವಿಲ್ಲ ಅಂದುಕೊಂಡಿದ್ದೆನಲ್ಲ. ಅಜ್ಜ ಮೊದಲು ಹೆಸರಿನ ಮೇಲೆ ತಪ್ಪು ಹಾಕಿಕೊಂಡರು, ಈಗ ಕೈಯ ಮೇಲೆ ಹಾಕಿಕೊಂಡರು. ನಾನು ಸುಮ್ಮನಿದ್ದರೆ ಸಾಯುವ ತನಕ ಹಾಕಿಕೊಂಡೇ ಇರುತ್ತಾರೆ.

ಫಾರಂ ಹರಿದೆ. ಡಾಕ್ಟರ್ ನಿಕೆನ್‌ಗೆ ಹೇಳಿಯೇ ಹರಿದೆ. ಹರಿದ ಚೂರನ್ನು ಅವರೇ ಎತ್ತಿ ಬುಟ್ಟಿಗೆ ಹಾಕಿದರು.

ಅಕ್ಟೋಬರ್ 17. ಮಂಗಳವಾರ, ಮಧ್ಯಾಹ್ನ 1:15

ಪ್ರೊಫ್ ಕೋಣೆಗೆ ಹೋದೆ. ನಿಂತೇ ಹೇಳಿದೆ. ಮಾರ್ಚ್ 14ರ ಕೇಸು ಸರಿಯಾಗಿಲ್ಲ, ತೊಂಬತ್ತೆಂಟು ಇತ್ತು, ನಾನು ಎಪ್ಪತ್ತೊಂಬತ್ತು ಅಂದೆ, ಗೊತ್ತಿದ್ದೇ ಅಂದೆ.

ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ನೀವು ಹೋಗಬಹುದು ಬು ವುರ್ ಅಂದರು. ಅಷ್ಟೇ.

ಅಕ್ಟೋಬರ್ 18

ಏನೂ ಇಲ್ಲ. ಎರಡು ಕೇಸು. ಪ್ರೊಫ್ ಬರಲಿಲ್ಲ.

ಅಕ್ಟೋಬರ್ 19

ಏನೂ ಇಲ್ಲ. ನೋಟಿಸ್ ಬೋರ್ಡಿನಿಂದ ಫೋಟೋ ಹೋಗಿದೆ. ನಮ್ಮವರು, ಕೆಲಸದಿಂದ ತೆಗೆದರೆ ಹಕ್ಕಿ ಸಾಕೋಣ ಅಂದರು. ತಮಾಷೆಗಲ್ಲ, ಇನ್ನೊಂದು ಪಂಜರಕ್ಕೆ ನಿಜವಾಗಿಯೂ ಬಿದಿರು ತಂದಿದ್ದಾರೆ. ಆಮೇಲೆ ಹೇಳಿದರು, ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ನೀನು ಒಬ್ಬರಿಗೆ ಎದುರು ಹೇಳಿದ್ದು ಇದೇ ಮೊದಲು, ನನಗೆ ಹೇಳೋದನ್ನ ಬಿಟ್ಟು. ಅನ್ನದ ತಟ್ಟೆಗೆ ಮೀನಿನ ದೊಡ್ಡ ಚೂರು ಹಾಕಿದರು.

ಅಕ್ಟೋಬರ್ 20. ಶುಕ್ರವಾರ

ಪ್ರಾರ್ಥನೆ ಮುಗಿಸಿ ಬಂದ ಮೇಲೆ ಪ್ರೊಫ್ ಕರೆಸಿದರು. ಮಾರ್ಚ್ 14ರ ಅಲೆಯನ್ನು ಕಾಗದದ ಮೇಲೆ ದೊಡ್ಡದು ಮಾಡಿ ಹರಡಿದ್ದರು. ಪಕ್ಕದಲ್ಲಿ ಅವರು ವಿದ್ಯಾರ್ಥಿಯಾಗಿದ್ದಾಗಿನ ಹಿತ್ತಾಳೆ ಕೈವಾರ. ಕಂಪ್ಯೂಟರು ಬಿಟ್ಟು ಅದರಲ್ಲಿ ಅಳೆದಿದ್ದಾರೆ. ಮೂರು ಸಲ. ತೊಂಬತ್ತೆಂಟು, ತೊಂಬತ್ತೇಳು, ತೊಂಬತ್ತೆಂಟು.

ನೀವು ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

"ಇಪ್ಪತ್ತೆರಡು ವರ್ಷದಲ್ಲಿ ನಿಮಗೆ ಯಾರೂ 'ಇಲ್ಲ' ಅಂದಿದ್ದು ನಾನು ನೋಡಿಲ್ಲ, ಪ್ರೊಫ್. ಹೇಗೆ ಹೇಳ್ತಾರೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ."

ಕೈವಾರವನ್ನು ಡಬ್ಬಿಯಲ್ಲಿ ಇಟ್ಟರು. ಆಮೇಲೆ ಎದ್ದು, ಬನ್ನಿ ವಾರ್ಡಿಗೆ ಹೋಗೋಣ ಅಂದರು.

ವಾರ್ಡಿನಲ್ಲಿ ಸ್ಟೂಲ್ ಎಳೆದುಕೊಂಡು ಅಜ್ಜನ ಮಂಚಕ್ಕಿಂತ ತಗ್ಗಿನಲ್ಲಿ ಕೂತರು. ತಮಗಿಂತ ದೊಡ್ಡವರಿಗೆ ಆಡುವ ಜಾವಾ ಮಾತಿನಲ್ಲೇ ಮಾತಾಡಿದರು. ಅಚ್ಚು ಮಾಡುವವನಿಗೆ ಒಬ್ಬ ಪ್ರೊಫೆಸರು ಆ ಮಾತಿನಲ್ಲಿ ಮಾತಾಡುವುದನ್ನು ಇಡೀ ವಾರ್ಡು ಬಾಯಿ ಬಿಟ್ಟು ಕೇಳಿತು. ತಂತಿ ಜಾರಿಲ್ಲ, ನಿಮ್ಮ ಕೈ ಏನೂ ಮಾಡಿಲ್ಲ, ನಾನೇ ಮುಟ್ಟಬೇಕಾದ ಕಡೆ ಮುಟ್ಟದೆ ನಿಲ್ಲಿಸಿದೆ ಅಂದರು. ನಾನು ಮುಂದೆ ಬಂದು, ಆಯಿತು ನಿಲ್ಲಿಸಿ ಅಂತ ಹೇಳಿದವಳು ನಾನು, ಎಪ್ಪತ್ತೊಂಬತ್ತು ಅಂದವಳು ನಾನು ಅಂದೆ.

ಅಜ್ಜ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಲಗಿನೆಮ್ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಿದ್ದಳು. ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಬೇಕಿತ್ತು.

"ಹಾಗಾದ್ರೆ ಹೆಸರು ಸುಮ್ನೆ ಬದಲಾಯಿಸಿದ್ವಾ?" ಅಂದರು ಅಜ್ಜ. "ಎರಡು ಕೋಳಿ ಹೋಯ್ತಲ್ಲ."

ಮೊದಲು ನಕ್ಕವಳು ಲಗಿನೆಮ್. ಆಮೇಲೆ ಅಳುತ್ತಾ ಗಂಡನ ಎಡ ಹೆಗಲು ಸವರಿದಳು, ಬೈದದ್ದಕ್ಕೆ. ಆಮೇಲೆ ನನ್ನನ್ನೂ ಬೈದಳು. ಚೆನ್ನಾಗಿ ಬೈದಳು. ತಲೆ ತಗ್ಗಿಸಿ ಕೇಳಿದೆ.

ಮತ್ತೆ ಹಾಕುವುದು ಮಂಗಳವಾರ. ಡಾಕ್ಟರ್ ನಿಕೆನ್ ಮಾಡುತ್ತಾರೆ ಅಂದುಕೊಂಡಿದ್ದೆ. ಅಜ್ಜನನ್ನೇ ಕೇಳಿದರು ಪ್ರೊಫ್, ಯಾರು ಮಾಡಲಿ ಅಂತ. ಅರ್ಧ ಮಾಡಿದವರೇ ಪೂರ್ತಿ ಮಾಡಲಿ ಅಂದರು ಅಜ್ಜ, ಅಚ್ಚಿನ ಕೆಲಸದಲ್ಲೂ ಹಾಗೇ, ಇನ್ನೊಬ್ಬನ ಕೈ ಸೇರಬಾರದಂತೆ.

ಅಕ್ಟೋಬರ್ 24. ಮಂಗಳವಾರ

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಗಾಜಿನ ಕೋಣೆ ತುಂಬಾ ಜನ — ನರ್ಸುಗಳು, ಕಲಿಯುವ ಡಾಕ್ಟರುಗಳು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಬು ವುರ್ ಏನು ಮಾಡುತ್ತಾಳೆ ಅಂತ ನೋಡಲು ಬಂದವರು. ಹೊರಗೆ ಕಳಿಸಲೇ ಅಂತ ಡಾಕ್ಟರ್ ನಿಕೆನ್ ಕಿವಿಯಲ್ಲಿ ಕೇಳಿದರು. ಬೇಡ, ನಿಲ್ಲಲಿ ಅಂದೆ.

ಹಳೆಯ ತಂತಿ ಬಿಚ್ಚಿ ಬಂತು. ಹೊಸದನ್ನು ಸ್ವಲ್ಪ ಹಿಂದಕ್ಕೆ, ಮೇಲಕ್ಕೆ ಇಟ್ಟು ತಿರುಗಿಸಿದರು.

"ಹೇಗಿದೆ, ಬು ವುರ್?"

ನೂರ ನಾಲ್ಕು. ಗುರುತು ತುದಿಯ ಮೇಲೆ. "ಇಲ್ಲ, ಪ್ರೊಫ್."

ಹಿಂದೆ ನಿಂತವರು ಪ್ರೊಫ್ ಕಡೆ ನೋಡಿದರು. ನಾನೂ ಕಾದೆ, ಸಿಡಿಲು ಬೀಳುತ್ತದೇನೋ ಅಂತ. ಬೀಳಲಿಲ್ಲ. ತಿರುಗಿಸಿದರು. ತೊಂಬತ್ತಾರು. ಇಲ್ಲ ಅಂದೆ. ಜಾಗ ಬದಲಾಯಿಸಿದರು. ನೂರ ಎರಡು. ಇಲ್ಲ. ಒಂದು ಗಂಟೆ ದಾಟಿತು. ಸೀಸದ ಅಂಗಿಯ ಭಾರ, ಅರವತ್ತಮೂರು ವಯಸ್ಸು. ಬೆನ್ನು ಬಾಗಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಎಂಬತ್ತೆಂಟು. ಹತ್ತಿರ ಬಂದಿತ್ತು. ಪಾಪ ಅನ್ನಿಸಿತು, ಸಾಕು ಅನ್ನಿಸಿತು, ಎಂಬತ್ತೆಂಟು ಅಷ್ಟೇನೂ ಕೆಟ್ಟದ್ದಲ್ಲ ಅಂತ ಮನಸ್ಸು ಆಗಲೇ ವಕಾಲತ್ತು ಶುರು ಮಾಡಿತ್ತು. ಮೈಕ್ ಒತ್ತಿ, ಇಲ್ಲ ಪ್ರೊಫ್, ಇನ್ನೂ ಒಳಗೆ ಅಂದೆ. ದನಿ ನನ್ನದೇನಾ ಅನ್ನಿಸುವಷ್ಟು ಗಟ್ಟಿಯಾಗಿತ್ತು.

ಐದನೆಯ ಸಲ ಅವರು ಕೇಳಲಿಲ್ಲ. ನಿಧಾನ ಮೂರು ಸುತ್ತು ತಿರುಗಿಸಿ, ಕೈ ನಿಲ್ಲಿಸಿ, ಗಾಜಿನ ಈ ಕಡೆ ತಿರುಗಿ ನಿಂತರು. ನನ್ನ ಮುಖ ನೋಡುತ್ತಾ.

ಅಲೆ ಬಂತು. ಹೆಗಲಿಲ್ಲ. ನೆಟ್ಟಗೆ ಏರಿ ಇಳಿಯಿತು. ಎದೆಯ ಮೊದಲ ಲೀಡಿನ ಅಲೆಯ ಕೊನೆಗೆ ಆ ಪುಟ್ಟ ಬಾಲ, ದಾರಿ ಸಿಕ್ಕಿದಾಗ ಮಾತ್ರ ಬರುವುದು. ಅಳೆದೆ. ಮತ್ತೆ ಅಳೆದೆ. ಮೂರನೆಯ ಸಲವೂ ಅಳೆದೆ, ಅವರು ಅಲ್ಲೇ ನಿಂತಿದ್ದರು, ಅವಸರ ಮಾಡಲಿಲ್ಲ.

"ಸಿಕ್ತು, ಪ್ರೊಫ್. ಎಪ್ಪತ್ತೊಂದು."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮಂಪರಿನಲ್ಲಿದ್ದ ಅಜ್ಜ, ಆಯ್ತಾ, ಊಟ ಯಾವಾಗ ಅಂತ ಕೇಳಿದ್ದು ಮೈಕಿನಲ್ಲಿ ಕೇಳಿಸಿತು.

ಈ ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ದಿನ ಹೆಮ್ಮೆಪಟ್ಟಿದ್ದೇನೆ. ಯಾರೋ ಹೊಗಳಿದ್ದಕ್ಕೆ. ಇವತ್ತಿನದು ಹಾಗಲ್ಲ. ಇವತ್ತು ನಾನೇ ನನ್ನನ್ನು ನೋಡಿ ಪಟ್ಟದ್ದು.

ಜನವರಿ 29, 2024. ಸೋಮವಾರ, ಬೆಳಿಗ್ಗೆ 8:50

ಹತ್ತು ನಿಮಿಷ ಇದೆ. ಬೇಗ ಬೇಗ ಬರೆಯುತ್ತೇನೆ.

ಮೊನ್ನೆ ಲೆಕ್ಕ ಮುಗಿಯಿತು. ಹಳೇ ಜಾಗದ ಮೂವತ್ತರಲ್ಲಿ ಏಳು ಹೃದಯ ಸೊರಗಿವೆ. ಹೊಸ ಜಾಗದ ಮೂವತ್ತರಲ್ಲಿ ಎರಡು. ಆ ಎರಡರಲ್ಲಿ ಒಂದು ಪೊನಿರಿನ್ ಅಜ್ಜ. ಈಗ ಹುಷಾರಾಗಿದ್ದಾರಲ್ಲ, ಸೋತವರ ಸಾಲಿನಿಂದ ತೆಗೆಯಬಹುದಲ್ಲ ಅಂತ ಕಿರಿಯ ಡಾಕ್ಟರೊಬ್ಬ ಕೇಳಿದ. ಲಕೋಟೆಯಲ್ಲಿ ಬಂದದ್ದು ಹೊಸ ಜಾಗ, ನಾವು ಮೊದಲ ಸಲ ಸೋತೆವು, ಹಾಗೇ ಇರಲಿ ಅಂದರು ಪ್ರೊಫ್. ವರದಿಯ ಕೆಳಗಿನ ಟಿಪ್ಪಣಿಯನ್ನು ಅವರೇ ಹೇಳಿ ಬರೆಸಿದರು — ಅಳತೆಯ ತಪ್ಪು, ಮುಖ್ಯಸ್ಥರ ಕೇಸು, ಟೆಕ್ನಿಷಿಯನ್ ತಾವಾಗಿಯೇ ತಿಳಿಸಿದ್ದು. ವರದಿ ಬರೆದವರ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದು. ವುರ್ಯಾನಿ. ಡಾಕ್ಟರ್ ಅಲ್ಲ, ಏನೂ ಅಲ್ಲ, ಬರೀ ವುರ್ಯಾನಿ. ಎಷ್ಟು ಸಲ ಓದಿದೆನೋ. ಡಾಕ್ಟರ್ ನಿಕೆನ್ ಕಾಯಂ ಆದರು. ಆ ಕಾಗದಕ್ಕೆ ಪ್ರೊಫ್ ಅಕ್ಟೋಬರ್ 20ಕ್ಕೇ ಸಹಿ ಹಾಕಿದ್ದರಂತೆ, ಕೊಡುವುದನ್ನು ಮರೆತಿದ್ದರಂತೆ. ನಂಬಬೇಕಂತೆ.

ಅಜ್ಜ ಶುಕ್ರವಾರ ಬಂದಿದ್ದರು. ಆರು ನಿಮಿಷಕ್ಕೆ ನಾನೂರ ಹತ್ತು ಮೀಟರ್. ಒತ್ತುಬಲ ನಲವತ್ತೊಂಬತ್ತು, ಇನ್ನೂ ಏರುತ್ತದೆ. ಫೈಲಿನಲ್ಲಿ ಯಾವ ಹೆಸರು ಇಡಲಿ ಅಂತ ಕೇಳಿದೆ. ಸುಗೆಂಗ್ ಇರಲಿ, ಊಟ ಹಾಕಿಸಿದ ಹೆಸರು ಅಂದಳು ಲಗಿನೆಮ್. ನೀವು ಮಾತ್ರ ಪೊನಿರಿನ್ ಅನ್ನಿ ಬು, ನೀವು ಕೆಡಿಸಿದ್ದು ಅವನನ್ನೇ ಅಂದರು ಅಜ್ಜ. ಇದನ್ನು ಇನ್ನೂ ಎಷ್ಟು ವರ್ಷ ಚುಚ್ಚುತ್ತಾರೋ. ಚುಚ್ಚಲಿ. ಬದುಕಿದ್ದು ಚುಚ್ಚಲಿ.

ಇವತ್ತು ಪ್ರೊಫ್ ಕೇಸು. ಹೊಸ ಜಾಗ. ಇನ್ನು ಮೇಲೆ ಲಕೋಟೆ ಇಲ್ಲ, ಎಲ್ಲರಿಗೂ ಅದೇ. ರೋಗಿ ಒಬ್ಬ ಬಸ್ ಡ್ರೈವರ್, ಐವತ್ತೆರಡು, ಹೆದರಿದ್ದಾನೆ. ನೋಡಲು ಯೋಗ್ಯಕಾರ್ತಾದಿಂದ ಎಂಟು ಜನ ಡಾಕ್ಟರು ಬಂದಿದ್ದಾರೆ, ನನ್ನ ಕುರ್ಚಿಯ ಹಿಂದೆ ಈಗಾಗಲೇ —

ನರ್ಸ್ ಓಡಿ ಬಂದಳು. ಎಲ್ಲ ಸಿದ್ಧವಾಗಿದೆಯಂತೆ. ಶುರು ಮಾಡಿ ಅಂತ ಅತಿಥಿಗಳು ಅಂದರಂತೆ, ಪ್ರೊಫ್ ಕೈಗವಸು ಹಾಕಿಕೊಂಡು ಸುಮ್ಮನೆ ನಿಂತಿದ್ದಾರಂತೆ. ನಂಗೆ 'ಇಲ್ಲ' ಅನ್ನೋರು ಇನ್ನೂ ಬಂದಿಲ್ಲ, ಅವರು ಬಂದು ಕೂತ್ಮೇಲೇ ಶುರು ಅಂದರಂತೆ. ಎಲ್ಲರೆದುರಿಗೆ. ಹೋಗಬೇಕು. ಕನ್ನಡಕ ಎಲ್ಲಿ